ಕೊನೆಯ ತಿಪ್ಪೆ ಎಲ್ಲಿದೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು 2004ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಬಿಇ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇವನು ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಇವತ್ತು ಒಬ್ಬ ಇತಿಹಾಸಕಾರರ ಬಗ್ಗೆ ಹೇಳುತ್ತೇನೆ. ಅವರ ಹೆಸರು ಜೋಯಲ್ ಟಾರ್. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1967ರಿಂದ ಹಲವು ದಶಕ ಪಾಠ ಮಾಡಿದವರು. ಅವರು ಬರೆದದ್ದು ರಾಜರ ಇತಿಹಾಸವಲ್ಲ. ಹೊಗೆ, ಚರಂಡಿ, ಕಲ್ಲಿದ್ದಲು, ಕುದುರೆ ಲದ್ದಿಯ ಇತಿಹಾಸ. ಕಂಪನಿ ಕೆಲಸಕ್ಕೆಂದು ಆ ಊರಿನಲ್ಲಿ ಕೆಲವು ತಿಂಗಳು ಇದ್ದಾಗ ಅವರ ಬರಹ ಓದಿದೆ.

1996ರಲ್ಲಿ ಬಂದ ಅವರ ಪುಸ್ತಕದ ಹೆಸರು 'ದಿ ಸರ್ಚ್ ಫಾರ್ ದಿ ಅಲ್ಟಿಮೇಟ್ ಸಿಂಕ್'. ಸಿಂಕ್ ಎಂದರೆ ಬೇಡವಾದದ್ದನ್ನು ಸುರಿಯುವ ಜಾಗ. ನಮ್ಮ ಮಾತಿನಲ್ಲಿ ತಿಪ್ಪೆ ಅನ್ನೋಣ. ನಗರಗಳು ನೂರಾರು ವರ್ಷಗಳಿಂದ ಕೊನೆಯ ತಿಪ್ಪೆಯನ್ನು ಹುಡುಕುತ್ತಿವೆ, ಆದರೆ ಗಲೀಜು ಮಾಯವಾಗುವುದಿಲ್ಲ, ಜಾಗ ಬದಲಾಯಿಸುತ್ತದೆ. ಅವರು ಹೇಳಿದ ಮುಖ್ಯ ಮಾತು ಇದೇ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುವುದುಂಟು. ಆದ್ದರಿಂದ ನನಗೆ ಅವರ ಮಾತು ಬೇಗ ಹಿಡಿಸಿತು.

ಪಿಟ್ಸ್‌ಬರ್ಗ್ ಉಕ್ಕಿನ ನಗರ. ಎರಡು ನದಿಗಳು ಸೇರಿ ಒಹಾಯೊ ನದಿಯಾಗುವ ಜಾಗ. ಸುತ್ತಲೂ ಕಲ್ಲಿದ್ದಲು. ಕಾರ್ಖಾನೆ, ರೈಲು, ಮನೆಯ ಒಲೆ ಎಲ್ಲವೂ ಅದರಿಂದಲೇ ಉರಿಯುತ್ತಿದ್ದವು. ಕೆಲವು ದಿನ ಹೊಗೆಗೆ ಮಧ್ಯಾಹ್ನವೇ ಬೀದಿದೀಪ ಹಚ್ಚಬೇಕಾಗುತ್ತಿತ್ತು. 1941ರಲ್ಲಿ ಹೊಗೆ ನಿಯಂತ್ರಣದ ಕಾನೂನು ಬಂತು. ಯುದ್ಧದಿಂದಾಗಿ ಅದರ ಜಾರಿ ತಡವಾಯಿತು. 1946ರಲ್ಲಿ ಕಾರ್ಖಾನೆಗಳಿಗೆ, 1947ರಲ್ಲಿ ಮನೆಗಳಿಗೆ ಅನ್ವಯವಾಯಿತು. ಆಕಾಶ ಕೆಲವೇ ವರ್ಷಗಳಲ್ಲಿ ತಿಳಿಯಾಯಿತು. ಕಾನೂನೊಂದೇ ಇದನ್ನು ಮಾಡಲಿಲ್ಲ ಎಂದು ಟಾರ್ ತೋರಿಸಿದರು. ಅದೇ ಹೊತ್ತಿಗೆ ದೂರದಿಂದ ಪೈಪಿನಲ್ಲಿ ನೈಸರ್ಗಿಕ ಅನಿಲ ಬಂತು, ಜನ ಒಲೆ ಬದಲಿಸಿದರು. ರೈಲುಗಳೂ ಡೀಸೆಲ್‌ಗೆ ತಿರುಗಿದವು. ಜನರ ಕೈಗೆಟಕುವ ಬದಲಿ ಇಂಧನ ಇದ್ದಾಗ ಕಾನೂನಿಗೆ ಬಲ ಬರುತ್ತದೆ.

ನೀರಿನ ಕಥೆ ಇನ್ನೂ ಮುಖ್ಯ. ಮೊದಲು ಮನೆಗಳಲ್ಲಿ ಪಾಯಿಖಾನೆ ಗುಂಡಿಗಳಿದ್ದವು. ನಲ್ಲಿ ನೀರು ಬಂದ ಮೇಲೆ ಗುಂಡಿಗಳು ತುಂಬಿ ಹರಿದವು. ಒಳಚರಂಡಿ ಕಟ್ಟಿ ಎಲ್ಲವನ್ನೂ ನದಿಗೆ ಬಿಟ್ಟರು. ಹರಿಯುವ ನೀರು ತಾನಾಗಿಯೇ ಶುದ್ಧವಾಗುತ್ತದೆ ಎಂದು ಆ ಕಾಲದ ಅನೇಕ ಎಂಜಿನಿಯರುಗಳು ನಂಬಿದ್ದರು. ಮೇಲಿನ ಊರಿನ ಕೊಳಚೆ ಕೆಳಗಿನ ಊರಿನ ಕುಡಿಯುವ ನೀರಾಯಿತು. ಪಿಟ್ಸ್‌ಬರ್ಗ್ ಕೂಡ ಮೇಲಿನ ಊರುಗಳ ಕೊಳಚೆ ಕುಡಿಯುತ್ತಿತ್ತು. ಅಮೆರಿಕದ ದೊಡ್ಡ ನಗರಗಳಲ್ಲೇ ಅತಿ ಹೆಚ್ಚು ಟೈಫಾಯಿಡ್ ಸಾವು ಅಲ್ಲಿತ್ತು. 1907ರ ಕೊನೆಯಲ್ಲಿ ಮರಳಿನಲ್ಲಿ ನೀರು ಸೋಸುವ ಘಟಕ ಶುರುವಾದ ಮೇಲೆ ಸಾವು ತೀರಾ ಇಳಿಯಿತು.

ತಾನು ಕುಡಿಯುವ ನೀರನ್ನು ಸೋಸಿಕೊಂಡ ಆ ನಗರ ತಾನು ಬಿಡುವ ಕೊಳಚೆಯನ್ನು ಏನು ಮಾಡಿತು? ರಾಜ್ಯದ ಆರೋಗ್ಯ ಇಲಾಖೆ ಯೋಜನೆ ಕೇಳಿತು. ನಗರ ನೇಮಿಸಿಕೊಂಡ ಹೆಸರಾಂತ ಎಂಜಿನಿಯರುಗಳಾದ ಅಲೆನ್ ಹೇಜನ್ ಮತ್ತು ಜಾರ್ಜ್ ವಿಪ್ಪಲ್ 1912ರಲ್ಲಿ ಕೊಟ್ಟ ಉತ್ತರದ ಸಾರಾಂಶ ಇದು: ನಾವು ಕೊಳಚೆ ಶುದ್ಧ ಮಾಡುವುದಕ್ಕಿಂತ ಕೆಳಗಿನ ಊರಿನವರು ತಮ್ಮ ನೀರನ್ನು ಸೋಸಿಕೊಳ್ಳುವುದು ಅಗ್ಗ. ಲೆಕ್ಕ ತಪ್ಪಿರಲಿಲ್ಲ. ಆದರೆ ಖರ್ಚು ಯಾರ ತಲೆಗೆ ಬಿತ್ತು ನೋಡಿ. ಪಿಟ್ಸ್‌ಬರ್ಗಿನ ಕೊಳಚೆಗೆ ಶುದ್ಧೀಕರಣ ಘಟಕ ಬಂದದ್ದು 1950ರ ದಶಕದ ಕೊನೆಗೆ.

ಆಮೇಲೆ ಅಮೆರಿಕದಲ್ಲಿ 1970ರಲ್ಲಿ ಗಾಳಿಗೆ, 1972ರಲ್ಲಿ ನೀರಿಗೆ, 1976ರಲ್ಲಿ ನೆಲದ ಮೇಲೆ ಸುರಿಯುವ ಕಸಕ್ಕೆ ದೊಡ್ಡ ಕಾನೂನುಗಳು ಬಂದವು. ಚಿಮಣಿಯ ಹೊಗೆ ತೊಳೆದರೆ ಕೆಸರು ಉಳಿಯುತ್ತದೆ, ಕೆಸರನ್ನು ನದಿಗೆ ಬಿಡದಿದ್ದರೆ ನೆಲಕ್ಕೆ ಹಾಕಬೇಕು. ಮೋಟಾರು ಕಾರು ಬಂದಾಗಲೂ ಲದ್ದಿಯ ಕಾಟ ತಪ್ಪಿತು ಎಂದೇ ಜನ ಸಂತೋಷಪಟ್ಟಿದ್ದರು. ಕ್ಲೇ ಮೆಕ್‌ಶೇನ್ ಜೊತೆ ಟಾರ್ 2007ರಲ್ಲಿ ನಗರದ ಕುದುರೆಗಳ ಮೇಲೆಯೇ ಒಂದು ಪುಸ್ತಕ ಬರೆದಿದ್ದಾರೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದವರೆಗೆ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆ ತುಂಬಿದ್ದನ್ನು, ಬೋರ್‌ವೆಲ್‌ಗಳಿಗೆ ಜೀವ ಬಂದದ್ದನ್ನು ಕಂಡವರು ನೀವೇ. ನಾನು ಅದನ್ನು ಹಳಿಯುವುದಿಲ್ಲ. ಬೆಂಗಳೂರಿನಲ್ಲಿ ಆ ನೀರು ಬಳಸುವವರಲ್ಲಿ ನಾನೂ ಒಬ್ಬ. ಆದರೆ ಈಗ ಕೆಳಗಿನ ಊರು ನಮ್ಮದು. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಬೇಡಿಕೆ ಮೊದಲಿನಿಂದಲೂ ಇದೆ. 1912ರ ಲೆಕ್ಕವನ್ನೇ ಯಾರಾದರೂ ನಮಗೂ ಹೇಳಿದರೆ ಉತ್ತರ ಕೊಡಲು ನಮ್ಮ ಹತ್ತಿರ ದಾಖಲೆ ಇರಬೇಕು. ಟಾರ್ ನೂರು ವರ್ಷದ ಹಿಂದಿನದನ್ನು ಬರೆಯಲು ಸಾಧ್ಯವಾದದ್ದು ಆ ಕಾಲದ ವರದಿ, ಅಂಕಿಅಂಶ ಉಳಿದಿದ್ದರಿಂದ.

ಆದ್ದರಿಂದ ಒಂದು ಕೋರಿಕೆ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ನಮ್ಮ ಕೆರೆಯ ನೀರನ್ನೂ ಊರಿನ ನಾಲ್ಕಾರು ಬೋರ್‌ವೆಲ್‌ಗಳ ನೀರನ್ನೂ ವಿಜ್ಞಾನ ಶಿಕ್ಷಕರ ಜೊತೆ ಮಕ್ಕಳು ತುಂಬಿ ತರಲಿ. ಅದನ್ನು ಒಳ್ಳೆಯ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವ ಖರ್ಚನ್ನು ನಮ್ಮ ಬ್ಯಾಚಿನವರು ಐದು ವರ್ಷ ಕೊಡುತ್ತೇವೆ. ಫಲಿತಾಂಶವನ್ನು ಶಾಲೆಯ ರಿಜಿಸ್ಟರಿನಲ್ಲಿ ಬರೆದಿಡಿ, ಗ್ರಾಮ ಪಂಚಾಯಿತಿಯ ಬೋರ್ಡಿಗೂ ಹಾಕಿಸೋಣ. ಕಂಪ್ಯೂಟರಿನಲ್ಲಿ ಜೋಡಿಸಿಡುವ ಕೆಲಸ ನನಗಿರಲಿ.