ತೆರೆಯ ಹಿಂದಿನ ರಕ್ಕಸ



ಸಿನಿಮಾ ಸಂಕಲನದ ಬಗ್ಗೆ ರೇಡಿಯೋದಲ್ಲಿ ಮಾತಾಡುವುದು ಉಪವಾಸದ ದಿನ ಅಡುಗೆಯ ಬಗ್ಗೆ ಭಾಷಣ ಮಾಡಿದ ಹಾಗೆ. ನಿಮ್ಮೆದುರು ತೆರೆಯಿಲ್ಲ, ಚಿತ್ರವಿಲ್ಲ. ಆದರೂ ಇವತ್ತಿನ ವಿಷಯ ದೆವ್ವದ ಸಿನಿಮಾ ಆದ್ದರಿಂದ ನನಗೆ ಸ್ವಲ್ಪ ಧೈರ್ಯ. ದೆವ್ವದ ಮಟ್ಟಿಗೆ ಕಾಣದೇ ಇರುವುದೇ ಅನುಕೂಲ.

ಕಥೆ ನಡೆಯುವ ಜಾಗ ಅರಸೀಕೆರೆ. ಹೆಸರು ಕೇಳಿದ ಕೂಡಲೇ ರೈಲು ಜಂಕ್ಷನ್ನೂ ತೆಂಗಿನಕಾಯಿಯೂ ನೆನಪಾಗಿದ್ದರೆ ನೀವು ಹಾಸನ ಜಿಲ್ಲೆಗೆ ಹೋಗಿಬಿಟ್ಟಿದ್ದೀರಿ, ದಯವಿಟ್ಟು ವಾಪಸು ಬನ್ನಿ. ಇದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಈ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಕತ್ತರಿಸಿ ದಾವಣಗೆರೆಗೆ ಅಂಟಿಸಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಕತ್ತರಿಸಿ ಅಂಟಿಸುವ ಕಸುಬು ಸಿನಿಮಾದವರಿಗೆ ಮಾತ್ರ ಗೊತ್ತು ಅಂದುಕೊಳ್ಳಬೇಡಿ.

ಈಗ ಒಂದು ಕಾಲೇಜು ತಂಡವನ್ನು ಊಹಿಸಿಕೊಳ್ಳಿ. ನಾಲ್ಕು ಹುಡುಗರು, ಇಬ್ಬರು ಹುಡುಗಿಯರು, ಒಂದು ಮೊಬೈಲು, ಒಬ್ಬನ ಅಜ್ಜಿಯ ಹಳೇ ಮಾಳಿಗೆ ಮನೆ. ದೆವ್ವದ ಸಿನಿಮಾ ಮಾಡಬೇಕು, ಪೂರ್ತಿ ಮಾಡಲು ದುಡ್ಡಿಲ್ಲ, ಹಾಗಾಗಿ ಮೊದಲ ಎರಡು ನಿಮಿಷ ಮಾತ್ರ. ಕಥೆಗೆ ಅವರು ದೂರ ಹೋಗಿಲ್ಲ. 'ನಾಳೆ ಬಾ' ನಿಮಗೆಲ್ಲ ನೆನಪಿರಬೇಕು. 1990ರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲುಗಳ ಮೇಲೆ ಇದ್ದ ಬರಹ. ರಾತ್ರಿ ಒಬ್ಬಳು ಬರುತ್ತಾಳೆ, ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆಗೆದವರು ಉಳಿಯುವುದಿಲ್ಲ. ಹೊರಗೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿ ಹಿಂದಿರುಗುತ್ತಾಳೆ, ಮಾರನೆಯ ದಿನ ಬಂದು ಮತ್ತೆ ಓದುತ್ತಾಳೆ. ಅಕ್ಷರ ಬಲ್ಲ, ಆದರೆ ಲೆಕ್ಕ ಬಾರದ ದೆವ್ವ. 2018ರ ಹಿಂದಿ ಸಿನಿಮಾ 'ಸ್ತ್ರೀ' ನಮ್ಮ ಈ ಸರಕನ್ನೇ ಒಯ್ದು ಚೆನ್ನಾಗಿ ವ್ಯಾಪಾರ ಮಾಡಿತು.

ಹುಡುಗರ ಕಥೆ ಹೀಗೆ. ಭರತ ಹುಣ್ಣಿಮೆ. ಊರಿನ ಅರ್ಧ ಜನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಬೆಟ್ಟಕ್ಕೆ ಹೋಗಿದ್ದಾರೆ. ಪರೀಕ್ಷೆ ಹತ್ತಿರ ಬಂದಿರುವ ಒಬ್ಬ ಹುಡುಗ ಮನೆಯಲ್ಲಿ ಉಳಿದಿದ್ದಾನೆ. ಹಗಲು ತಲಬಾಗಿಲ ಪಕ್ಕದ ಗೋಡೆಗೆ ಸುಣ್ಣ ಬಳಿಯುತ್ತಿದ್ದಾನೆ. ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಹಳೇ 'ನಾಳೆ ಬಾ' ಇದೆ. ಫೋನು ಬರುತ್ತದೆ, ಅವ್ವ: "ನಾಳೆ ಬರ್ತೀವಿ, ಬಾಗಿಲು ಹಾಕ್ಕೊಂಡು ಮಲಕ್ಕೋ." ಹುಡುಗ ಕುಂಚ ಇಟ್ಟು ಒಳಗೆ ಹೋಗುತ್ತಾನೆ. ರಾತ್ರಿ ಕದ ಬಡಿಯುತ್ತದೆ. ಹೊರಗೆ ಅವ್ವನ ದನಿ. ಗೋಡೆಯ ಮೇಲೆ 'ನಾಳೆ' ಅಳಿಸಿದೆ, 'ಬಾ' ಉಳಿದಿದೆ.

ಕಥೆ ಚೆನ್ನಾಗಿದೆ, ಅಲ್ಲವೇ? ಹಾಗಿದ್ದೂ ಮೊದಲ ಸಲ ಕತ್ತರಿಸಿ ಜೋಡಿಸಿ ಗೆಳೆಯರಿಗೆ ತೋರಿಸಿದಾಗ ಎಲ್ಲರೂ ನಕ್ಕರು ಅಂತಿಟ್ಟುಕೊಳ್ಳಿ. ಯಾಕೆ ನಕ್ಕರು ಅನ್ನುವುದೇ ನನ್ನ ಇವತ್ತಿನ ಮಾತು.

ಮೊದಲ ಜೋಡಣೆಯಲ್ಲಿ ಏನಿತ್ತು? ಆರಂಭದಲ್ಲೇ ಗುಡುಗು, ಅದರ ಬೆನ್ನಿಗೆ ಅಂತರ್ಜಾಲದಿಂದ ಇಳಿಸಿಕೊಂಡ ಪಿಟೀಲು. ಹತ್ತನೆಯ ಸೆಕೆಂಡಿಗೇ ಬಿಳಿ ಸೀರೆ, ಬಿಚ್ಚಿದ ಕೂದಲು. ಆಮೇಲೆ ಗೋಡೆಯ ಬರಹ, ಅದರತ್ತ ಮೂರು ಸಲ ನುಗ್ಗುವ ಕ್ಯಾಮೆರಾ. ಹುಡುಗನ ಹೆದರಿದ ಮುಖ, ಇನ್ನೊಂದು ಹೆದರಿದ ಮುಖ, ಮತ್ತೊಂದು. ಎರಡು ನಿಮಿಷದಲ್ಲಿ ತೊಂಬತ್ತು ತುಂಡು. ನಮ್ಮ ದೆವ್ವಗಳಿಗೆ ಬಿಳಿ ಸೀರೆಯ ಸಮವಸ್ತ್ರ ಯಾರು ಹೊಲಿಸಿಕೊಟ್ಟರೋ ಕಾಣೆ. ಅದನ್ನು ಕಂಡ ಕೂಡಲೇ ನಮ್ಮ ಜನಕ್ಕೆ ಪರಿಚಯದವರು ಸಿಕ್ಕ ಹಾಗಾಗುತ್ತದೆ.

ಈ ಹುಡುಗರ ಮುತ್ತಜ್ಜಂದಿರು ಇಂಥ ತಪ್ಪು ಮಾಡುತ್ತಿರಲಿಲ್ಲ. ಬಳ್ಳಾರಿ ಸೀಮೆಯ ದೊಡ್ಡಾಟ, ಬಯಲಾಟ ನೋಡಿದವರಿಗೆ ರಕ್ಕಸ ಪಾತ್ರ ಬರುವ ಬಗೆ ಗೊತ್ತು. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಹಿಂದಿನಿಂದ ಮೊದಲು ಆರ್ಭಟ. ಮದ್ದಲೆ ಏರುತ್ತದೆ, ತೆರೆ ಅಲುಗುತ್ತದೆ, ಕಿರೀಟದ ತುದಿ ಒಮ್ಮೆ ಕಂಡು ಮರೆಯಾಗುತ್ತದೆ. ತೊಡೆಯ ಮೇಲೆ ಕೂತ ಮಗು ಆಗಲೇ ಅವ್ವನ ಸೆರಗಿನೊಳಗೆ. ತೆರೆ ಸರಿದಾಗ ಕಾಣುವವನು ಬಣ್ಣ ಬಳಿದುಕೊಂಡ ನಿಮ್ಮೂರಿನ ರೈತನೇ. ಹೆದರಿಸುವ ಕೆಲಸ ತೆರೆ ಸರಿಯುವ ಮೊದಲೇ ಮುಗಿದಿರುತ್ತದೆ. ಎಷ್ಟು ಹೊತ್ತು ತೆರೆ ಹಿಡಿಯಬೇಕು ಅನ್ನುವುದನ್ನು ಆ ಇಬ್ಬರು ಭಾಗವತರ ತಾಳ ನೋಡಿ ಅಳೆಯುತ್ತಾರೆ. ನನ್ನ ಪ್ರಕಾರ ನಮ್ಮ ನಾಡಿನ ಮೊದಲ ಸಂಕಲನಕಾರರು ಅವರೇ.

ಸಿನಿಮಾದಲ್ಲಿ ಆ ತೆರೆ ಹಿಡಿಯುವವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಮಣಿರತ್ನಂ ಅವರ 'ಬಾಂಬೆ' ಚಿತ್ರದ ಸಂಕಲನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸುರೇಶ್ ಅರಸ್ ಕನ್ನಡಿಗರು. ಆ ಚಿತ್ರದ ಹಾಡುಗಳನ್ನು ಗುನುಗುವ ಎಷ್ಟು ಜನಕ್ಕೆ ಈ ಹೆಸರು ಗೊತ್ತು, ಹೇಳಿ?

ಸಂಕಲನಕಾರರ ಕೈಯಲ್ಲಿರುವ ಅಳತೆಗೋಲು ಫ್ರೇಮು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಎರಡು ನಿಮಿಷಕ್ಕೆ 2,880. ಒಂದು ಖಾಲಿ ಪಡಸಾಲೆಯನ್ನು ಎರಡು ಸೆಕೆಂಡು ತೋರಿಸಿದರೆ ನೋಡುವವನು 'ಇದು ಪಡಸಾಲೆ' ಎಂದುಕೊಂಡು ಮುಂದೆ ಹೋಗುತ್ತಾನೆ. ಅದನ್ನೇ ಆರು ಸೆಕೆಂಡು ಬಿಡಿ. ನಾಲ್ಕನೆಯ ಸೆಕೆಂಡಿಗೆ ಅವನ ಕಣ್ಣು ಮೂಲೆ ಹುಡುಕಲು ಶುರುಮಾಡುತ್ತದೆ. ಕಂಬದ ಹಿಂದೆ ಏನಾದರೂ ಇದೆಯಾ? ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲು ಸರಿದಿದೆಯಾ? ಅಲ್ಲಿ ಏನೂ ಇಲ್ಲ. ಇಲ್ಲದ್ದನ್ನು ಅವನೇ ತಂದು ಕೂರಿಸುತ್ತಾನೆ. ತೊಂಬತ್ತು ತುಂಡು ಮಾಡಿದ ಹುಡುಗರು ಅವನಿಗೆ ಈ ಬಿಡುವನ್ನೇ ಕೊಡಲಿಲ್ಲ.

'ಹಿಚ್‌ಕಾಕ್ ಹೀಗೇ ತುಂಡು ತುಂಡು ಮಾಡಿಲ್ಲವಾ?' ಎಂದು ಹುಡುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರ 1960ರ 'ಸೈಕೋ' ಚಿತ್ರದ ಸ್ನಾನದ ಮನೆಯ ಕೊಲೆಯನ್ನು ಸಂಕಲನಕಾರ ಜಾರ್ಜ್ ಟೊಮಸಿನಿ ಮುಕ್ಕಾಲು ನಿಮಿಷದಷ್ಟರಲ್ಲಿ 50ಕ್ಕೂ ಹೆಚ್ಚು ಕಡೆ ಕತ್ತರಿಸಿ ಜೋಡಿಸಿದ್ದಾರೆ. ಆ ಮುಕ್ಕಾಲು ನಿಮಿಷಕ್ಕೆ ವಾರವಿಡೀ ಚಿತ್ರೀಕರಣ ನಡೆದಿತ್ತು. ಕತ್ತಿ ಮೈಗೆ ತಾಗುವುದನ್ನು ನಾವು ಕಂಡೆವು ಅಂತಲೇ ಆಣೆ ಮಾಡುತ್ತೇವೆ. ಕತ್ತಿ, ನೀರು, ಕೈ, ಬಾಯಿ ಬೇರೆ ಬೇರೆ ತುಂಡುಗಳು, ಇರಿತ ನಡೆಯುವುದು ಬಹುಪಾಲು ಆ ತುಂಡುಗಳ ಸಂದಿಯಲ್ಲಿ. ಆದರೆ ಈ ಕತ್ತರಿಯ ಸುರಿಮಳೆಗೆ ಮುಂಚೆ ಮುಕ್ಕಾಲು ಗಂಟೆ ಒಂದು ಹನಿ ರಕ್ತವಿಲ್ಲದೆ ಕಥೆ ನಡೆದಿರುತ್ತದೆ. ಆ ಮುಕ್ಕಾಲು ಗಂಟೆಯ ತಾಳ್ಮೆಯನ್ನು ಬಿಟ್ಟು ಮುಕ್ಕಾಲು ನಿಮಿಷದ ಆತುರವನ್ನಷ್ಟೇ ಎರವಲು ತಂದರೆ ಸಿಗುವುದು ಮದುವೆ ವಿಡಿಯೋ.

ಇನ್ನು ಆ ಮೂರು ಹೆದರಿದ ಮುಖಗಳು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಏನೂ ಭಾವವಿಲ್ಲದ ಮುಖವನ್ನು ತೆಗೆದುಕೊಂಡು, ಒಮ್ಮೆ ಊಟದ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರು. ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ. ಅರಸೀಕೆರೆಯ ನಮ್ಮ ಹುಡುಗ ಕಣ್ಣು ಬಿಟ್ಟು ನಡುಗಬೇಕಾಗಿಲ್ಲ. ಚಿತ್ರೀಕರಣದ ನಡುವೆ 'ಊಟ ಯಾವಾಗ' ಎಂದು ಯೋಚಿಸುತ್ತ ಅವನು ಬಾಗಿಲ ಕಡೆ ನೋಡಿದ ಒಂದು ತುಂಡು ಎಲ್ಲೋ ಬಿದ್ದಿರುತ್ತದೆ. ಚಿಲಕದ ಚಿತ್ರದ ಪಕ್ಕಕ್ಕೆ ಅದನ್ನಿಡಿ, ಸಾಕು. ನಟನೆ ಬಾರದ ಗೆಳೆಯರನ್ನು ಇಟ್ಟುಕೊಂಡು ಸಿನಿಮಾ ಮಾಡುವವರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ.

ಈಗ ಶಬ್ದಕ್ಕೆ ಬರೋಣ. ಇದು ರೇಡಿಯೋ, ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮೊದಲು ಆ ಪಿಟೀಲು ತೆಗೆಯಿರಿ. ತೆಗೆದಾಗ ಎದುರಾಗುವ ತೊಂದರೆ: ಒಂದೊಂದು ತುಂಡಿನ ಹಿಂದೆಯೂ ಬೇರೆ ಬೇರೆ ಸದ್ದು. ಒಂದರಲ್ಲಿ ಫ್ಯಾನು, ಇನ್ನೊಂದರಲ್ಲಿ ದೂರದ ಟ್ರ್ಯಾಕ್ಟರು, ಮತ್ತೊಂದರಲ್ಲಿ ಏನೂ ಇಲ್ಲ. ಪ್ರತಿ ಕತ್ತರಿಯಲ್ಲೂ ಕಿವಿ ಎಡವುತ್ತದೆ. ಅದಕ್ಕೇ ಅನುಭವಸ್ಥರು ಜಾಗ ಬಿಡುವ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಮೌನವನ್ನೇ ಮುದ್ರಿಸಿಕೊಂಡು ಬರುತ್ತಾರೆ. ಮಣ್ಣಿನ ಮಾಳಿಗೆ ಮನೆಯ ಮೌನ ಬೇರೆ, ಆರ್‌ಸಿಸಿ ಮನೆಯ ಮೌನ ಬೇರೆ. ಆ ಒಂದು ನಿಮಿಷವನ್ನು ಎಲ್ಲ ತುಂಡುಗಳ ಕೆಳಗೂ ಹಾಸಿದರೆ ಮನೆ ಒಂದೇ ಮನೆಯಾಗುತ್ತದೆ.

ಅದರ ಮೇಲೆ ಜೀರುಂಡೆ. ರಾತ್ರಿಯ ದೃಶ್ಯ ಶುರುವಾದಾಗಿನಿಂದ ಜೀರುಂಡೆ ಕೂಗುತ್ತಿರಲಿ. ಹತ್ತು ಸೆಕೆಂಡಿಗೆ ಕಿವಿ ಅದನ್ನು ಮರೆಯುತ್ತದೆ. ಆಮೇಲೆ ಕದ ಬಡಿಯುವುದಕ್ಕೆ ಎರಡು ಸೆಕೆಂಡು ಮೊದಲು ಅದನ್ನು ಪಟ್ಟನೆ ನಿಲ್ಲಿಸಿ. ಹೊಲದಲ್ಲಿ ಮಲಗಿದ ಯಾರನ್ನಾದರೂ ಕೇಳಿ, ಹತ್ತಿರದಲ್ಲಿ ಹೆಜ್ಜೆ ಬಿದ್ದರೆ ಹುಳುಗಳು ಸುಮ್ಮನಾಗುತ್ತವೆ. ನಮ್ಮ ಬೆನ್ನುಹುರಿಗೆ ಇದು ಬಹಳ ಹಿಂದಿನಿಂದ ಗೊತ್ತು.

ಇದಕ್ಕೆ ತದ್ವಿರುದ್ಧದ ಯುಕ್ತಿಯೂ ಒಂದಿದೆ. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ರಾತ್ರಿ ಒಂಟಿಯಾಗಿ ನಡೆಯುವ ಹೆಂಗಸಿನ ಹಿಂದೆ ಹೆಜ್ಜೆಸಪ್ಪಳ ಬಂದು ನಿಲ್ಲುತ್ತದೆ. ಆಕೆ ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಆಗ ಕಾಡುಬೆಕ್ಕು ಗುರ್ರೆಂದ ಹಾಗೆ ಒಂದು ಸದ್ದು: ಬಸ್ಸು ಬಂದು ಬ್ರೇಕು ಹಾಕಿತು, ಅಷ್ಟೇ. ಮಾರ್ಕ್ ರಾಬ್ಸನ್ ಸಂಕಲಿಸಿದ ಆ ಬಸ್ಸು ಇವತ್ತಿಗೂ ಎಲ್ಲ ದೆವ್ವದ ಚಿತ್ರಗಳಲ್ಲಿ ಓಡುತ್ತಿದೆ. ನಮ್ಮ ಹುಡುಗರು ಹರಪನಹಳ್ಳಿ ಬಸ್ಸನ್ನೇ ಬಳಸಬಹುದು, ಆದರೆ ಎರಡು ನಿಮಿಷದಲ್ಲಿ ಒಂದೇ ಒಂದು ಸಲ.

ಸಣ್ಣ ಪುಟ್ಟ ತಾಂತ್ರಿಕ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊಬೈಲು ಬೆಳಕು ನೋಡಿಕೊಂಡು ಫ್ರೇಮುಗಳ ವೇಗವನ್ನು ತಾನೇ ಏರುಪೇರು ಮಾಡುತ್ತದೆ, ಹಾಗಾಗಿ ಜೋಡಿಸುವಾಗ ತುಟಿಗೂ ಮಾತಿಗೂ ಹೊಂದುವುದಿಲ್ಲ. ಮೊದಲೇ ಎಲ್ಲವನ್ನೂ ಒಂದೇ ವೇಗಕ್ಕೆ ಪರಿವರ್ತಿಸಿಕೊಳ್ಳಿ. ಹುಣ್ಣಿಮೆ ಬೆಳಕು ನಿಮ್ಮ ಕಣ್ಣಿಗೆ ಹಾಲು, ಮೊಬೈಲಿಗೆ ಬರೀ ಮರಳು. ಸಂಜೆ ಸೂರ್ಯ ಮುಳುಗಿದ ಇಪ್ಪತ್ತು ನಿಮಿಷದಲ್ಲಿ ಚಿತ್ರಿಸಿ, ಆಮೇಲೆ ಬಣ್ಣ ತಣ್ಣಗೆ ಮಾಡಿ ಕತ್ತಲಾಗಿಸಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಇದಕ್ಕೆಲ್ಲ ಧಾರಾಳ.

ವಿದ್ಯಾರ್ಥಿಗಳಿಗೆ ಇನ್ನೊಂದು ದಾರಿಯೂ ಆಕರ್ಷಕವಾಗಿ ಕಾಣುತ್ತದೆ: 'ಇದು ನಮಗೆ ಸಿಕ್ಕ ಅಸಲಿ ವಿಡಿಯೋ' ಎನ್ನುವ ಬಗೆ. 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್'ನಲ್ಲಿ ಕಾಡಿನಲ್ಲಿ ಕಾಣೆಯಾಗುವವರು ಸಿನಿಮಾ ವಿದ್ಯಾರ್ಥಿಗಳೇ. ಕನ್ನಡದಲ್ಲಿ 2013ರ '6-5=2' ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದ್ದೆಂದು ಹೇಳಿಕೊಂಡು ಬಂತು, ಜನ ನಂಬಿಯೂ ನಂಬದೆಯೂ ನೋಡಿದರು. ಇಲ್ಲಿ ಸಂಕಲನವೇ ಬೇಡವಲ್ಲ ಎಂದು ಹುಡುಗರಿಗೆ ಅನ್ನಿಸುತ್ತದೆ. ವಾಸ್ತವವಾಗಿ ಇಲ್ಲಿ ಕೆಲಸ ಇಮ್ಮಡಿ. ಯಾರೂ ಕತ್ತರಿಸಿಲ್ಲ ಅನ್ನಿಸುವಂತೆ ಕತ್ತರಿಸಬೇಕಲ್ಲ! ಕ್ಯಾಮೆರಾ ಎಡವಿ ಬಿದ್ದಾಗ, ಬ್ಯಾಟರಿ ಮುಗಿದಾಗ ಮಾತ್ರ ಚಿತ್ರ ಬದಲಾಗಬೇಕು.

ಸರಿ, ನಮ್ಮ ಮಾಳಿಗೆ ಮನೆಗೆ ಮರಳೋಣ. ಮಿಕ್ಕಿರುವುದು ಒಂದೇ ಪ್ರಶ್ನೆ: 'ನಾಳೆ' ಅಳಿಸಿ ಹೋದದ್ದನ್ನು ಯಾವಾಗ ತೋರಿಸಬೇಕು? ಹಿಚ್‌ಕಾಕ್‌ರ ಹಳೇ ಲೆಕ್ಕ ಇಲ್ಲಿ ನೆನಪಾಗುತ್ತದೆ. ಮೇಜಿನ ಕೆಳಗೆ ಬಾಂಬಿದೆ ಎಂದು ಪ್ರೇಕ್ಷಕನಿಗೆ ಗೊತ್ತಿಲ್ಲದಿದ್ದರೆ ಸ್ಫೋಟದ ಗಳಿಗೆ ಮಾತ್ರ ಬೆಚ್ಚುತ್ತಾನೆ; ಗೊತ್ತಿದ್ದರೆ ಅದಕ್ಕೆ ಮುಂಚಿನ ಹರಟೆಯುದ್ದಕ್ಕೂ ಬೆವರುತ್ತಾನೆ. ಹಾಗಾದರೆ ಹಗಲಲ್ಲೇ ತೋರಿಸಿಬಿಡಬೇಕೇ?

ನಾನಾಗಿದ್ದರೆ ಎರಡರ ನಡುವೆ ನಿಲ್ಲುತ್ತಿದ್ದೆ. ಮೊದಲ ಚಿತ್ರ ಉರಿಬಿಸಿಲು, ಬಿಳಿ ಗೋಡೆ, ಕೆಮ್ಮಣ್ಣಿನ ಪೂರ್ತಿ ಬರಹ. ಕುಂಚ ಒಂದು ಸಲ ಎಳೆಯುತ್ತದೆ, ಮೊದಲ ಅಕ್ಷರ ಮಸುಕು. ಅಷ್ಟರಲ್ಲಿ ಫೋನು, ಹುಡುಗನ ಮುಖಕ್ಕೆ ಕತ್ತರಿಸಿ. ಅವ್ವ ಮಾತಾಡುತ್ತಿರುವಾಗ ಕುಂಚ ಗೋಡೆಗೆ ಸವರುವ ಸದ್ದು ಮುಂದುವರಿಯಲಿ. ಚಿತ್ರ ಬೇಡ, ಸದ್ದು ಮಾತ್ರ, ಒಂದು ಸಲ, ಎರಡು ಸಲ. ಪ್ರೇಕ್ಷಕನ ಕಿವಿ ಅದನ್ನು ಎತ್ತಿಟ್ಟುಕೊಳ್ಳುತ್ತದೆ, ಬುದ್ಧಿಗೆ ತಿಳಿಯುವುದಿಲ್ಲ. ರಾತ್ರಿ. ಖಾಲಿ ಪಡಸಾಲೆ, ಆರು ಸೆಕೆಂಡು. ಜೀರುಂಡೆ ನಿಲ್ಲುತ್ತದೆ. ಹುಡುಗನ 'ಊಟ ಯಾವಾಗ' ಮುಖ. ಇನ್ನೂ ಅವನ ಮುಖವೇ ಇರುವಾಗ, ಹೊರಗಿನಿಂದ: "ಏಯ್ ತಮ್ಮಾ, ಬಾಗ್ಲಾ ತಗಿಯೋ." ನಾಳೆ ಬರುತ್ತೇನೆಂದವಳ ದನಿ. ಅವನು ಏಳುತ್ತಾನೆ. ಅವನ ಹೆಜ್ಜೆಗಳ ಮೇಲೆ ಹೊರಗಿನ ಗೋಡೆಗೆ ಕತ್ತರಿಸಿ. ಬೆಳುದಿಂಗಳು, ಹಸಿ ಸುಣ್ಣ, ಒಂದೇ ಒಂದು ಅಕ್ಷರ.

ಇದನ್ನು ಎಷ್ಟು ಹೊತ್ತು ಹಿಡಿಯಬೇಕು? ಓದಲು ಅರ್ಧ ಸೆಕೆಂಡು ಸಾಕು, ಅಂದರೆ 12 ಫ್ರೇಮು. ಅರ್ಥವಾಗಲು ಇನ್ನೊಂದು ಸೆಕೆಂಡು ಬೇಕು. ಹುಡುಗರು ಅಷ್ಟು ಹೊತ್ತು ಹಿಡಿಯುತ್ತಾರೆ, ಇನ್ನೂ ಸ್ವಲ್ಪ ಹಿಡಿಯಬೇಕೆಂದು ಜಗಳವಾಡುತ್ತಾರೆ. ನಾನು ಹನ್ನೆರಡಕ್ಕೆ ನಾಲ್ಕು ಸೇರಿಸಿ ಕತ್ತರಿಸುತ್ತೇನೆ. ಅರ್ಥ ಕತ್ತಲಲ್ಲಿ ಆಗಲಿ. ತೆರೆ ಪೂರ್ತಿ ಕಪ್ಪು, ಸಿನಿಮಾದ ಹೆಸರು ಇನ್ನೂ ಬಂದಿಲ್ಲ, ಮತ್ತು ಆ ಕಪ್ಪಿನಲ್ಲಿ, ಬಹಳ ಹತ್ತಿರದಲ್ಲಿ, ಅಗಳಿ ಸರಿಯುವ ಸದ್ದು.