ಚೀಟಿಯಲ್ಲಿ ಬರೆದ ಮಾತು

ಹಳೆಯ ಕಥೆಗಳಲ್ಲಿ ಅರಸನು ಮಾರುವೇಷ ತೊಟ್ಟು ರಾತ್ರಿಯ ಹೊತ್ತು ಊರು ಸುತ್ತುತ್ತಾನೆ. ಜಗಲಿಯ ಮೇಲೆ ಕುಳಿತವರು ತನ್ನನ್ನು ಕುರಿತು ಏನಾಡಿಕೊಳ್ಳುತ್ತಾರೆಂದು ಕೇಳಿಸಿಕೊಂಡು, ಬೆಳಗಾದ ಮೇಲೆ ತಪ್ಪನ್ನು ತಿದ್ದಿಕೊಳ್ಳುತ್ತಾನೆ. ಆ ಅರಸನಿಗೆ ಒಂದು ಅನುಕೂಲವಿತ್ತು: ಎದುರಿಗಿರುವವನು ಅರಸನೆಂಬುದು ಮಾತನಾಡುವವನಿಗೆ ತಿಳಿಯದು. ಇಂದಿನ ಕಛೇರಿ, ಕಾರ್ಖಾನೆ, ಕಾಲೇಜುಗಳ ಮುಖ್ಯಸ್ಥರಿಗೆ ಆ ಸೌಕರ್ಯವಿಲ್ಲ. ಅವರು ಮಾರುವೇಷಕ್ಕೆ ಬದಲಾಗಿ ಪ್ರಶ್ನಾವಳಿಯನ್ನು ಹಂಚುತ್ತಾರೆ. ಈಗ ಅದು ಮೊಬೈಲಿಗೇ ಬರುತ್ತದೆ. ಒಂದರಿಂದ ಐದರವರೆಗಿನ ಅಂಕೆಗಳಲ್ಲಿ ಒಂದನ್ನು ಬೆರಳಿನಿಂದ ಮುಟ್ಟಿದರೆ ಮುಗಿಯಿತು. ಹೀಗೆ ಕೂಡಿಹಾಕಿದ ನೌಕರರ ಅಭಿಪ್ರಾಯಗಳಿಂದ ದುಡಿಯುವ ಜಾಗದ ನಡೆನುಡಿ ಸುಧಾರಿಸುತ್ತದೆಯೇ ಎಂಬುದು ಈ ಹೊತ್ತು ನಾನು ಎತ್ತಿಕೊಂಡಿರುವ ವಿಷಯ. ಹಳಗನ್ನಡದ ಪಾಠ ಹೇಳಿಕೊಂಡಿದ್ದವನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ. ಅದು ನನಗೆ ಅಷ್ಟೇನೂ ಗೌರವ ತರುವಂಥದಲ್ಲ.

ಮೊದಲು ಅಮೆರಿಕದ ಒಂದು ನಿದರ್ಶನ. ಷಿಕಾಗೋ ನಗರಕ್ಕೆ ಹೊಂದಿಕೊಂಡ ಸಿಸರೋ ಎಂಬ ಊರಿನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಿತ್ತು. ದೂರವಾಣಿಯ ಸಲಕರಣೆಗಳನ್ನು ತಯಾರಿಸುತ್ತಿದ್ದ ಆ ಸ್ಥಳದಲ್ಲಿ ಸಾವಿರಾರು ಮಂದಿ ದುಡಿಯುತ್ತಿದ್ದರು. ದೀಪದ ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುವುದೇ ಎಂಬ ಪರೀಕ್ಷೆ 1924ರಲ್ಲಿ ಅಲ್ಲಿ ಮೊದಲಾಯಿತು. ಅದು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ. ನನ್ನ ಮನಸ್ಸನ್ನು ಹಿಡಿದದ್ದು ಅದಲ್ಲ, ಆಮೇಲೆ ನಡೆದದ್ದು. 1928ರಿಂದ 1930ರವರೆಗೆ 21,000ಕ್ಕೂ ಹೆಚ್ಚು ನೌಕರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅಲ್ಲಿ ಮಾತನಾಡಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೊ ಮತ್ತು ಫ್ರಿಟ್ಜ್ ರೋತ್ಲಿಸ್‌ಬರ್ಗರ್ ಅವರ ಹೆಸರುಗಳು ಈ ಅಧ್ಯಯನದೊಡನೆ ಬೆಸೆದುಕೊಂಡಿವೆ.

ಮೊದಮೊದಲು ಗೊತ್ತುಪಡಿಸಿದ ಪ್ರಶ್ನೆಗಳನ್ನೇ ಕೇಳುತ್ತಿದ್ದರು: ಮೇಲ್ವಿಚಾರಕ ಹೇಗೆ, ಕೆಲಸ ಹೇಗೆ, ವಾತಾವರಣ ಹೇಗೆ? ಜನರಾದರೋ ಪ್ರಶ್ನೆಯನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗುತ್ತಿದ್ದರು. ನಾವಾಗಿದ್ದರೆ ‘ವಿಷಯಕ್ಕೆ ಬನ್ನಿ’ ಎನ್ನುತ್ತಿದ್ದೆವು. ಅವರು 1929ರಲ್ಲಿ ಪ್ರಶ್ನೆಯ ಪಟ್ಟಿಯನ್ನೇ ಬದಿಗಿಟ್ಟು, ಹೇಳುವವರು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳುವುದೆಂದು ನಿಶ್ಚಯಿಸಿದರು. ಅರ್ಧ ಗಂಟೆಯ ಭೇಟಿ ಒಂದೂವರೆ ಗಂಟೆಗೆ ಬೆಳೆಯಿತು. ರೋತ್ಲಿಸ್‌ಬರ್ಗರ್ ಕೊಡುವ ಒಂದು ಉದಾಹರಣೆ ಹೀಗಿದೆ: ಒಬ್ಬ ಕೆಲಸಗಾರ ತನಗೆ ಸಿಕ್ಕುವ ಕೂಲಿಯ ದರ ಸಾಲದೆಂದು ದೂರುತ್ತಾನೆ. ಮಾತು ಮುಂದುವರಿದಂತೆ, ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ವೈದ್ಯರ ಬಿಲ್ಲಿನ ಚಿಂತೆ ಅವನನ್ನು ಕಾಡುತ್ತಿದೆ ಎಂಬುದು ಹೊರಬೀಳುತ್ತದೆ. ಪ್ರಶ್ನಾವಳಿಯಲ್ಲಾದರೆ ಇದು ‘ವೇತನ: ಅತೃಪ್ತಿಕರ’ ಎಂಬ ಒಂದು ಗುರುತಾಗಿ ನಿಂತುಬಿಡುತ್ತಿತ್ತು. ಹೀಗೆ ದೊರೆತ ಮಾತುಗಳನ್ನು, ಆಡಿದವರ ಗುರುತು ಸಿಕ್ಕದಂತೆ ಮಾಡಿ, ಮೇಲ್ವಿಚಾರಕರ ತರಬೇತಿಗೆ ಬಳಸಿದರು.

ಎಲ್ಲವೂ ಸರಿಯಾಯಿತೆಂದಲ್ಲ. ಕಂಪನಿ 1936ರಲ್ಲಿ ನೌಕರರ ಅಳಲನ್ನು ಕೇಳುವುದಕ್ಕೆಂದೇ ಆಪ್ತಸಲಹೆಗಾರರ ಏರ್ಪಾಡು ಮಾಡಿತು. ಕೇಳುವುದಷ್ಟೇ ಅವರ ಕೆಲಸ. ದೂರಿನ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಇದು ಕಣ್ಣೊರೆಸುವ ಉಪಾಯವೆಂದು ಟೀಕಿಸಿದವರಿದ್ದರು. ಆ ಟೀಕೆಯಲ್ಲಿ ಹುರುಳಿದೆಯೆಂದು ನನಗೆ ತೋರುತ್ತದೆ.

ಇನ್ನು ನನ್ನ ಕಥೆ. 2011ರಲ್ಲಿ ಒಂದು ಕಾಲೇಜಿನ ಪ್ರಾಂಶುಪಾಲನ ಹೊಣೆ ನನ್ನ ಮೇಲೆ ಬಿತ್ತು. ಅಧ್ಯಾಪಕರು, ಗುಮಾಸ್ತರು, ಜವಾನರು ಸೇರಿ 31 ಮಂದಿ. ಆಡಳಿತ ಮಂಡಳಿಯ ಸೂಚನೆಯಂತೆ ಎಲ್ಲರಿಗೂ ಒಂದು ಪ್ರಶ್ನಾವಳಿಯನ್ನು ಹಂಚಿದೆ. ಹೆಸರು ಬರೆಯಬೇಕಾಗಿಲ್ಲವೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಮರಳಿ ಬಂದವುಗಳಲ್ಲಿ ಒಂದಕ್ಕೆ ಬೆರಳಚ್ಚು ಮಾಡಿದ ಚೀಟಿಯೊಂದನ್ನು ಲಗತ್ತಿಸಿದ್ದರು. ಪ್ರಾಂಶುಪಾಲರು ಸಭೆ ಕರೆಯುವುದು ಹೇಳುವುದಕ್ಕೇ ಹೊರತು ಕೇಳುವುದಕ್ಕಲ್ಲ ಎಂಬುದು ಅದರ ಸಾರ. ಆರು ವಾಕ್ಯಗಳ ಆ ಚೀಟಿಯಲ್ಲಿ ‘ಆದಾಗ್ಯೂ’ ಎಂಬ ಪದ ಮೂರು ಸಲ ಬಂದಿತ್ತು. ಕಾವ್ಯದಲ್ಲಿ ಪ್ರಕ್ಷಿಪ್ತ ಭಾಗ ಯಾವುದೆಂದು ಶೈಲಿಯಿಂದ ಪತ್ತೆಹಚ್ಚುವುದನ್ನು ವಿದ್ಯಾರ್ಥಿಗಳಿಗೆ ಬೋಧಿಸಿದವನು ನಾನು. ನಮ್ಮಲ್ಲಿ ಮಾತುಮಾತಿಗೆ ‘ಆದಾಗ್ಯೂ’ ಎನ್ನುವ ಉಪನ್ಯಾಸಕರು ಒಬ್ಬರೇ ಇದ್ದರು.

ನಾನು ಅವರಿಗೆ ಏನೂ ಅನ್ನಲಿಲ್ಲ. ಮುಂದಿನ ವೇಳಾಪಟ್ಟಿಯಲ್ಲಿ ಅವರಿಗೆ ಮಧ್ಯಾಹ್ನದ ಕೊನೆಯ ಅವಧಿ ವಾರಕ್ಕೆ ಎರಡು ದಿನ ಹೆಚ್ಚಾಯಿತು. ಅದು ಕಾಕತಾಳೀಯವೆಂದು ಆಗ ನನಗೆ ನಾನೇ ಹೇಳಿಕೊಂಡೆ.

ಮರುವರ್ಷದ 31 ಪ್ರಶ್ನಾವಳಿಗಳಲ್ಲೂ ‘ಉತ್ತಮ’, ‘ಅತ್ಯುತ್ತಮ’. ಸರಾಸರಿ ಏರಿತ್ತು, ಆಡಳಿತ ಮಂಡಳಿ ನನ್ನನ್ನು ಅಭಿನಂದಿಸಿತು. ಸಂತೋಷದಿಂದಲೇ ಆ ಪತ್ರವನ್ನು ಕಡತಕ್ಕೆ ಸೇರಿಸಲು ಕೊಟ್ಟಾಗ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಗುಮಾಸ್ತರು ತಲೆಯೆತ್ತದೆ, “ಬರೆದರೆ ಯಾರೆಂದು ಹುಡುಕುತ್ತಾರೆ ಅಂತ ಒಂದು ಮಾತಿದೆ ಸಾರ್” ಎಂದರು.

ಆ ರಾತ್ರಿ ಹಿಂದಿನ ವರ್ಷದ ಕಟ್ಟನ್ನು ಬಿಚ್ಚಿ ಕುಳಿತೆ. ಮಹಿಳೆಯರ ವಿಶ್ರಾಂತಿ ಕೊಠಡಿಯ ಬಾಗಿಲಿಗೆ ಚಿಲಕ ಕೂರುವುದಿಲ್ಲವೆಂದು ಮೂವರು ಬರೆದಿದ್ದರು. 31ರಲ್ಲಿ 3, ಶೇಕಡಾ 10ಕ್ಕೂ ಕಡಮೆ ಎಂದು ಅದನ್ನು ‘ಇತರೆ’ ಎಂಬ ತಲೆಬರಹದ ಕೆಳಗೆ ತಳ್ಳಿದ್ದೆ. ಆದರೆ ನಮ್ಮಲ್ಲಿದ್ದ ಮಹಿಳೆಯರೇ ಏಳು ಮಂದಿ! ಏಳರಲ್ಲಿ ಮೂವರೆಂದರೆ ಹೆಚ್ಚುಕಡಮೆ ಅರ್ಧ. ಲೆಕ್ಕ ತಪ್ಪಿರಲಿಲ್ಲ, ಭಾಗಿಸಿದ ಸಂಖ್ಯೆ ತಪ್ಪಾಗಿತ್ತು. ಎರಡನೆಯ ವರ್ಷ ಆ ಚಿಲಕದ ಮಾತೇ ಇರಲಿಲ್ಲ. ಚಿಲಕ ಮಾತ್ರ ಹಾಗೆಯೇ ಇತ್ತು.

ಮರುದಿನ ಬಡಗಿಯನ್ನು ಕರೆಸಿದೆ. ವೇಳಾಪಟ್ಟಿಯನ್ನೂ ತಿದ್ದಿಸಿದೆ. ಆ ಬಳಿಕ ಪ್ರತಿ ವರ್ಷವೂ ತಾವು ಹೇಳಿದ್ದು ಇದು, ಮಾಡಿದ್ದು ಇದು, ಮಾಡಲಾಗದ್ದು ಇದು, ಇಂಥ ಕಾರಣಕ್ಕೆ, ಎಂದು ಸೂಚನಾ ಫಲಕದಲ್ಲಿ ಬರೆಸತೊಡಗಿದೆ. ಕಾಗದಗಳನ್ನು ತೆರೆದು ಓದುವ ಕೆಲಸವನ್ನು ನಾನು ಇಟ್ಟುಕೊಳ್ಳಲಿಲ್ಲ. ಹೊರಗಿನ ಇಬ್ಬರು ಅವನ್ನು ಓದಿ ಸಾರಾಂಶವನ್ನಷ್ಟೇ ನನಗೆ ಕೊಡುವಂತೆ ಏರ್ಪಾಡು ಮಾಡಿದೆ. ಐವರಿಗಿಂತ ಚಿಕ್ಕ ಗುಂಪಿನ ಉತ್ತರಗಳನ್ನು ಬೇರೆಯಾಗಿ ತೋರಿಸಕೂಡದೆಂದೂ ಗೊತ್ತುಮಾಡಿದೆವು. ಇಬ್ಬರೇ ಇರುವ ವಿಭಾಗದಲ್ಲಿ ಹೆಸರಿಲ್ಲದಿದ್ದರೆ ತಾನೇ ಏನು ಮರೆಯಾದೀತು? ಮೂರನೆಯ ವರ್ಷ ಸರಾಸರಿ ಇಳಿಯಿತು. ಆಡಳಿತ ಮಂಡಳಿಯವರು ವಿವರಣೆ ಕೇಳಿದರು. ಜನ ಮತ್ತೆ ಬರೆಯತೊಡಗಿದ್ದಾರೆ ಎಂದು ಉತ್ತರಿಸಿದೆ. ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.

ನಿವೃತ್ತನಾದ ಮೇಲೆ ಒಂದು ಮದುವೆಯ ಮನೆಯಲ್ಲಿ ಆ ಉಪನ್ಯಾಸಕರು ಸಿಕ್ಕಿದರು. ಕಾಫಿಯ ಲೋಟ ಹಿಡಿದು ನಿಂತಿದ್ದಾಗ ಕೊನೆಯ ಅವಧಿಯ ವಿಷಯವನ್ನು ನಾನಾಗಿ ಎತ್ತಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು.

“ಆ ಚೀಟಿ ನಾನು ಬರೆದದ್ದಲ್ಲ ಸಾರ್,” ಎಂದರು. “ಆದಾಗ್ಯೂ, ಬರೆದವರು ಸುಳ್ಳನ್ನೇನೂ ಬರೆದಿರಲಿಲ್ಲ.”