ಬಟವಾಡೆ ಹಣ ಮತ್ತು ಮನೆ ಮಕ್ಕಳ ಪುಷ್ಟಿ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟು ಹಾಲು ಕೊಂಡಿತು, ಎಷ್ಟು ಬೋನಸ್ಸು ಹಂಚಿತು ಎಂಬುದನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಅದನ್ನೇ ನಾವು ಮತ್ತೆ ಹೇಳೋದಿಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು, ಸ್ವಲ್ಪ ನಾಚಿಕೆಯಿಂದಲೇ, ತಮ್ಮ ಮುಂದಿಡುತ್ತೇವೆ.

ನಮ್ಮದು ಕೂಡುಕುಟುಂಬ. ಎರಡು ಸೀಮೆಹಸು, ದಿನಕ್ಕೆ ಹದಿನಾಲ್ಕು ಲೀಟರು ಡೇರಿಗೆ ಹಾಕುತ್ತೇವೆ. ಎರಡು ವರ್ಷದ ಹಿಂದೆ ಅಂಗನವಾಡಿಯಲ್ಲಿ ನಮ್ಮ ತಮ್ಮನ ಮಗಳನ್ನು ತೂಕ ಹಾಕಿದರು. ಒಂದೂವರೆ ವರ್ಷದ ಕೂಸು, ಎಂಟು ಕೆ.ಜಿ.ಯೂ ಇಲ್ಲ. ಕಾರ್ಡಿನಲ್ಲಿ ಗುರುತು ಹಸಿರು ಬಿಟ್ಟು ಹಳದಿಗೆ ಇಳಿದಿತ್ತು. "ಡೇರಿ ಡೈರೆಕ್ಟರ ಮನೆ ಕೂಸಿಗೆ ಹಾಲಿಲ್ಲವೇನಮ್ಮ?" ಎಂದು ಟೀಚರು ಕೇಳಿದರೆ, ತಾಯಿ "ಅತ್ತೇನ ಕೇಳಬೇಕು, ಅತ್ತೆ ಭಾವನ್ನ ಕೇಳಬೇಕು" ಅಂದಳಂತೆ. ಆ ಭಾವ ನಾವೇ. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಬರೋ ಹಾಗೆ ನಾವೂ ಇರಲಿಲ್ಲ. ಕರುವಿಗೆ ಒಂದು ಮೊಲೆ ಹಾಲು ಬಿಡಿ, ಇಲ್ಲದಿದ್ದರೆ ಸೊರಗುತ್ತೆ ಎಂದು ದಿನಾ ಕೂಗುತ್ತಿದ್ದವರೂ ನಾವೇ!

ಐದು ಗಂಟೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ಹೋಗುವವಳು ಆ ಹೆಣ್ಣುಮಗಳು. ಬಟವಾಡೆ ಬೀಳುವುದು ನಮ್ಮ ಖಾತೆಗೆ. ಒಂದು ಮೊಟ್ಟೆ ತರಬೇಕಾದರೂ ಆಕೆ ಕೈ ಒಡ್ಡಬೇಕು. ಕೂಸಿಗೆ ಭೇದಿಯಾದಾಗ, ಗಂಡಸರು ಹೇಳದೆ ಆಸ್ಪತ್ರೆಗೆ ಹೋಗುವುದು ಹೇಗೆಂದು ಎರಡು ದಿನ ಕಾದಿದ್ದಳು. ಗೃಹಲಕ್ಷ್ಮಿ ಹಣ 2023ರಿಂದ ಬರುತ್ತಿದೆಯಲ್ಲ ಎನ್ನಬಹುದು. ಅದು ರೇಷನ್ ಕಾರ್ಡಿನ ಯಜಮಾನಿಗೆ. ನಮ್ಮಲ್ಲಿ ಯಜಮಾನಿ ಅಂದರೆ ಅತ್ತೆ, ಎಳೆಗೂಸಿನ ತಾಯಿ ಸೊಸೆ.

ಒಂದು ಹಸುವಿನ ಹಾಲನ್ನು ಆಕೆಯ ಹೆಸರಿಗೆ ಮಾಡಿಸಿದೆವು. ಅರ್ಧ ಲೀಟರು ಯಾರನ್ನೂ ಕೇಳದೆ ಮನೆಗೆ ಉಳಿಸಿಕೋ ಎಂದೆವು. ಮೊಟ್ಟೆ, ಹೆಸರುಬೇಳೆ, ಬಾಳೆಹಣ್ಣು ಬಂದವು. ಆದರೂ ಎರಡು ತಿಂಗಳು ತೂಕ ಅಲ್ಲಾಡಲಿಲ್ಲ. ಕಾರಣ ಆಮೇಲೆ ತಿಳಿಯಿತು: ದುಡ್ಡಿತ್ತು, ಪುರುಸೊತ್ತಿರಲಿಲ್ಲ. ಆರು ತಿಂಗಳು ತುಂಬಿದ ಮೇಲೆ ಎದೆಹಾಲೊಂದೇ ಸಾಲದು. ರಾಗಿ ಸರಿ ಗಟ್ಟಿಯಾಗಿರಬೇಕು, ತುಪ್ಪ ಬೆರೆಸಬೇಕು, ದಿನಕ್ಕೆ ಮೂರು ನಾಲ್ಕು ಸಲ ಕೂತು ತಿನ್ನಿಸಬೇಕು. ಆಕೆ ನೀರುಸರಿ ಕುಡಿಸಿ ಹೊಲಕ್ಕೆ ಓಡುತ್ತಿದ್ದಳು. ಆಗ ಹುಲ್ಲು, ಸಗಣಿ ನಾವೂ ತಮ್ಮನೂ ವಹಿಸಿಕೊಂಡೆವು. ಮಂಕರಿ ಹೊತ್ತದ್ದು ನೋಡಿ ಅಕ್ಕಪಕ್ಕದವರು ನಕ್ಕರು, ನಗಲಿ ಬಿಡಿ. ಮಧ್ಯಾಹ್ನದ ಊಟ ನಮ್ಮ ತಾಯಿಯವರೇ ತಿನ್ನಿಸಿದರು. ಏಳನೇ ತಿಂಗಳಿಗೆ ಗುರುತು ಹಸಿರಿಗೆ ಬಂತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲ, 33 ಮಕ್ಕಳು ತಕ್ಕ ತೂಕವಿಲ್ಲ. ಹಾಲು ಮಾರುವ ಮನೆಯ ಮಕ್ಕಳು ಅದರಲ್ಲಿಲ್ಲ ಎಂದು ತಿಳಿಯಬೇಡಿ.

ಆದ್ದರಿಂದ ಹಾಲು ಕರೆಯುವವರ ಹೆಸರಿಗೇ ಸದಸ್ಯತ್ವ, ಅವರ ಖಾತೆಗೇ ಬಟವಾಡೆ ಆಗಲಿ ಎಂದು ಆಡಳಿತ ಮಂಡಳಿಯಲ್ಲಿ ಕೇಳಿದೆವು. "ಹೆಂಗಸರ ಕೈಗೆ ದುಡ್ಡು ಹೋದರೆ ಮನೆ ಒಡೆಯುತ್ತೆ" ಅಂದರು ಒಬ್ಬರು. ನಮ್ಮ ಮನೆಯಲ್ಲಿ ಈಗಲೂ ಒಂದೇ ಒಲೆ. ಮಂಡಳಿಯಲ್ಲಿರುವ ಇಬ್ಬರು ತಾಯಂದಿರು ಅಂದು ಮಾತಾಡಲಿಲ್ಲ, ಸಹಿ ಹಾಕಿ ಹೋದರು. ಮುಂದಿನ ಸಭೆಯಲ್ಲಿ ಅವರು ಮಾತಾಡಲಿ ಎಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇವೆ.

ಸದಸ್ಯತ್ವದ ಅರ್ಜಿ ಕಾರ್ಯದರ್ಶಿಗಳ ಬಳಿ ಇದೆ. ತೆಗೆದುಕೊಳ್ಳಲು ಬರುವವರು ಮನೆಯಲ್ಲಿ ಹಾಲು ಕರೆಯುವವರನ್ನೂ ಕರೆತನ್ನಿ, ಸಹಿ ಅವರದೇ ಬೇಕು.